ಟ್ರ್ಯಾಕ್ಟರ್ ಸ್ಟೇರಿಂಗ್ ಮನೆಯಲ್ಲೇ ರಿಪೇರಿ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಯಾದಗಿರಿ, ಬೀದರ್ ಕಡೆಯ ಹಳ್ಳಿಗಳಲ್ಲಿ ಮೆಕ್ಯಾನಿಕ್ ಬರಲು ಒಂದು ದಿನ, ಪಾರ್ಟ್ ತರಲು ಇನ್ನೊಂದು ದಿನ ಹೋಗುತ್ತದೆ. ಬಿತ್ತನೆಯ ಹದ ಅಷ್ಟು ದಿನ ಕಾಯುವುದಿಲ್ಲ. ಹಾಗಾಗಿ ಸ್ಟೇರಿಂಗ್ ಕೆಟ್ಟಾಗ ಎಷ್ಟೋ ರೈತರು ತಾವೇ ಪಾನಾ ಹಿಡಿಯುತ್ತಾರೆ. ಅದು ತಪ್ಪಲ್ಲ. ಈ ಕೆಲಸದಲ್ಲಿ ಬಹಳಷ್ಟು ಮನೆ ಅಂಗಳದಲ್ಲೇ ಆಗುವಂಥದ್ದು. ಆದರೆ ಸಡಿಲ ಎಲ್ಲಿದೆ ಎಂದು ನೋಡದೆ ಸಿಕ್ಕಿದ್ದನ್ನು ಬಿಚ್ಚುವುದು ಮತ್ತು ಮುರಿದದ್ದಕ್ಕೆ ವೆಲ್ಡಿಂಗ್ ಹಚ್ಚುವುದು, ಈ ಎರಡು ಅಭ್ಯಾಸ ಬಿಡಲೇಬೇಕು. ಕೆಳಗಿನ ಉತ್ತರಗಳು ನಮ್ಮ ಕಡೆ ಜಾಸ್ತಿ ಇರುವ ಟೂ-ವೀಲ್ ಡ್ರೈವ್ ಟ್ರ್ಯಾಕ್ಟರ್‌ಗಳಿಗೆ. ಅಳತೆಯ ವಿಷಯ ಬಂದಾಗಲೆಲ್ಲ ಗಾಡಿಯ ಜೊತೆ ಕೊಟ್ಟ ಪುಸ್ತಕದ ಮಾತೇ ಕೊನೆಯದು.

ಸ್ಟೇರಿಂಗ್ ಎಷ್ಟು ಸಡಿಲ ಇದ್ದರೆ ಚಿಂತೆ ಮಾಡಬೇಕು?

ಸ್ವಲ್ಪ ಪ್ಲೇ, ಅಂದರೆ ಟೈರ್ ಅಲುಗದೆ ಸ್ಟೇರಿಂಗ್ ಮಾತ್ರ ಆಡುವ ಸಡಿಲ, ಇದ್ದೇ ಇರುತ್ತದೆ. ಮುಂದಿನ ಚಕ್ರ ನೆಟ್ಟಗೆ ಮಾಡಿ ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಸ್ಟೇರಿಂಗ್ ಅಂಚಿಗೆ ಒಂದು ದಾರ ಕಟ್ಟಿ ಗುರುತು ಮಾಡಿಕೊಳ್ಳಿ. ಮೆಲ್ಲಗೆ ಒಂದು ಕಡೆ ತಿರುಗಿಸುತ್ತಾ ಟೈರ್ ಅಲುಗುವ ತನಕ ಗುರುತು ಎಷ್ಟು ದೂರ ಹೋಯಿತು ನೋಡಿ. ಪವರ್ ಸ್ಟೇರಿಂಗ್ ಇದ್ದರೆ ಎಂಜಿನ್ ಚಾಲೂ ಇಟ್ಟು ನೋಡಬೇಕು, ಇಲ್ಲದಿದ್ದರೆ ಬಂದ್ ಮಾಡಿ. ಸಾಮಾನ್ಯ ಸ್ಟೇರಿಂಗ್‌ನಲ್ಲಿ ಒಂದೆರಡು ಇಂಚು ಇದ್ದರೆ ಗಾಬರಿ ಬೇಡ. ಮೂರು ದಾಟಿದರೆ ಎಲ್ಲೋ ಏನೋ ಸವೆದಿದೆ ಎಂದೇ ಅರ್ಥ. ಅಳತೆ ಎಷ್ಟೇ ಇರಲಿ, ಹೋದ ತಿಂಗಳಿಗಿಂತ ಈ ತಿಂಗಳು ಒಮ್ಮೆಲೇ ಜಾಸ್ತಿ ಆಗಿದ್ದರೆ ಅವತ್ತೇ ನೋಡಬೇಕು.

ನಮ್ಮ ಕಡೆ ಇದು ಇಷ್ಟು ಬೇಗ ಯಾಕೆ ಕೆಡುತ್ತದೆ?

ಮೊದಲ ಕಾರಣ ತೊಗರಿ. ಕೊಯ್ಲಾದ ಹೊಲದಲ್ಲಿ ನಿಂತ ತೊಗರಿ ಮೋಟುಗಳು ಗೂಟದಷ್ಟು ಗಟ್ಟಿ ಇರುತ್ತವೆ. ಅವು ಟೈರ್ ಪಂಕ್ಚರ್ ಮಾಡುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡ್ ತುದಿಯ ಬಾಲ್ ಜಾಯಿಂಟಿಗೆ (ಗುಂಡು ಕೀಲಿಗೆ) ಒಂದು ರಬ್ಬರ್ ಟೊಪ್ಪಿಗೆ ಇರುತ್ತದೆ. ಮೋಟು ಅದನ್ನೂ ಹರಿಯುತ್ತದೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಟೊಪ್ಪಿಗೆ ಹರಿದ ಮೇಲೆ ಗ್ರೀಸ್ ಹೊರಗೆ, ಧೂಳು ಒಳಗೆ. ಅಲ್ಲಿಂದ ಮುಂದೆ ಆ ಜಾಯಿಂಟ್ ಸವೆಯಲು ಒಂದು ಹಂಗಾಮು ಸಾಕು.

ಎರಡನೆಯದು ಎರೆ ಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಹೆಂಟೆಗಳು ಕಲ್ಲಿನಂತಾಗುತ್ತವೆ. ಮಾಗಿ ಉಳುಮೆ ಆದ ಹೊಲದಲ್ಲಿ ಅಡ್ಡ ಓಡಿಸಿದರೆ ಪ್ರತಿ ಹೆಂಟೆಯ ಏಟೂ ಟೈ ರಾಡಿಗೇ ಬೀಳುತ್ತದೆ. ಒಡ್ಡು ದಾಟುವಾಗ ಒಂದು ಮುಂಗಾಲಿ ಮೇಲೆ, ಇನ್ನೊಂದು ಕೆಳಗೆ. ಆಗ ಮುಂದಿನ ಆಕ್ಸಲ್ ತೂಗುವ ಸೆಂಟರ್ ಪಿನ್ ಮೇಲೆ ಭಾರ.

ಜಿಲ್ಲೆಗೊಂದು ತೊಂದರೆಯೂ ಇದೆ. ಶಹಾಪುರ, ಸುರಪುರದ ಕಾಲುವೆ ಕೆಳಗೆ ಭತ್ತ ಮಾಡುವವರು ಕೆಸರಲ್ಲಿ ಕೇಜ್ ವೀಲ್ (ಕೆಸರಿಗೆಂದೇ ಇರುವ ಕಬ್ಬಿಣದ ಚಕ್ರ) ಹಾಕಿ ಓಡಿಸುತ್ತಾರೆ. ಅಲ್ಲಿ ಮುಂದಿನ ಚಕ್ರದ ನಡುವಿನ ಹಬ್, ಚಕ್ರ ಎಡಕ್ಕೆ ಬಲಕ್ಕೆ ತಿರುಗಲು ಆಧಾರವಾದ ಕಿಂಗ್ ಪಿನ್ ಎಲ್ಲ ದಿನಗಟ್ಟಲೆ ರಾಡಿಯಲ್ಲಿ ಮುಳುಗಿರುತ್ತವೆ. ಸೇಡಂ, ಚಿತ್ತಾಪುರ ಕಡೆ ಸುಣ್ಣಕಲ್ಲಿನ ಧೂಳು. ಭಾಲ್ಕಿ, ಹುಮನಾಬಾದ್, ಅಫಜಲಪುರ, ಆಳಂದ ಕಡೆ ಕಬ್ಬಿನ ಟ್ರಾಲಿಗಳ ಭಾರ. ನಿಮ್ಮ ಹೊಲ ಎಂಥದ್ದು ಎಂಬುದರ ಮೇಲೆ ಯಾವ ಭಾಗವನ್ನು ಮೊದಲು ನೋಡಬೇಕು ಎಂದು ಗೊತ್ತಾಗುತ್ತದೆ.

ಸಡಿಲ ಯಾವ ಜಾಗದಲ್ಲಿದೆ ಎಂದು ಹುಡುಕುವುದು ಹೇಗೆ?

ಇಡೀ ಕೆಲಸದಲ್ಲಿ ಇದೇ ಮುಖ್ಯ. ಇದಕ್ಕೆ ದುಡ್ಡು ಬೇಕಿಲ್ಲ. ಇನ್ನೊಬ್ಬರ ಸಹಾಯ ಮತ್ತು ಅರ್ಧ ಗಂಟೆ ತಾಳ್ಮೆ ಬೇಕು.

ಮೊದಲು ಮುಂದಿನ ಭಾಗವನ್ನು ಚೆನ್ನಾಗಿ ತೊಳೆದು ಒಣಗಲು ಬಿಡಿ. ಮಣ್ಣು ಮೆತ್ತಿದ ಜಾಯಿಂಟ್ ಅಲುಗುತ್ತಿದ್ದರೂ ಕಾಣಿಸುವುದಿಲ್ಲ. ಪವರ್ ಇಲ್ಲದ ಸ್ಟೇರಿಂಗ್ ಆದರೆ ಎಂಜಿನ್ ಬಂದ್ ಮಾಡಿ, ಟೈರ್ ನೆಲದ ಮೇಲೇ ಇರಲಿ. ಒಬ್ಬರು ಸೀಟಿನ ಮೇಲೆ ಕೂತು ಸ್ಟೇರಿಂಗನ್ನು ಸ್ವಲ್ಪವೇ ಎಡಕ್ಕೆ ಬಲಕ್ಕೆ ಆಡಿಸುತ್ತಿರಲಿ. ನೀವು ಮೇಲಿನಿಂದ ಕೆಳಗೆ ಒಂದೊಂದಾಗಿ ನೋಡುತ್ತಾ ಬನ್ನಿ: ಸ್ಟೇರಿಂಗ್ ಬಾಕ್ಸ್, ಅದರಿಂದ ಹೊರಬರುವ ಡ್ರಾಪ್ ಆರ್ಮ್, ಆಮೇಲೆ ಆ ಆರ್ಮ್‌ನಿಂದ ಚಕ್ರದ ಕಡೆಗೆ ಹೋಗುವ ಡ್ರ್ಯಾಗ್ ಲಿಂಕಿನ ಎರಡು ತುದಿ, ಕೊನೆಗೆ ಟೈ ರಾಡಿನ ಎರಡು ತುದಿ. ಜಾಯಿಂಟಿನ ಒಂದು ಕಡೆ ಅಲುಗುತ್ತಿದೆ, ಇನ್ನೊಂದು ಕಡೆ ಸುಮ್ಮನಿದೆ ಎಂದರೆ ಸಡಿಲ ಅಲ್ಲೇ. ಜಾಯಿಂಟಿನ ಮೇಲೆ ಅಂಗೈ ಇಟ್ಟರೆ ಕಣ್ಣಿಗೆ ಕಾಣದ ಸಡಿಲವೂ ಕೈಗೆ ತಿಳಿಯುತ್ತದೆ. ಬೆರಳನ್ನು ಮಾತ್ರ ಸಂದಿಯೊಳಗೆ ಹಾಕಬೇಡಿ.

ಆಮೇಲೆ ಮುಂದಿನ ಆಕ್ಸಲ್ ಜ್ಯಾಕ್ ಹಚ್ಚಿ ಎತ್ತಿ. ಟೈರಿನ ಎಡಬದಿ ಮತ್ತು ಬಲಬದಿ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ. ಆಟ ಸಿಕ್ಕಿದರೆ ಟೈ ರಾಡ್ ಎಂಡ್ ಮೇಲೆ ಅನುಮಾನ. ಈಗ ಟೈರಿನ ಮೇಲ್ಭಾಗ ಮತ್ತು ಕೆಳಭಾಗ ಹಿಡಿದು ಅಲ್ಲಾಡಿಸಿ. ಇಲ್ಲಿ ಆಟ ಸಿಕ್ಕಿದರೆ ಹಬ್ ಬೇರಿಂಗ್ ಅಥವಾ ಕಿಂಗ್ ಪಿನ್. ಇವೆರಡರಲ್ಲಿ ಯಾವುದು ಎಂದು ತಿಳಿಯಲು ಒಬ್ಬರು ಅಲ್ಲಾಡಿಸುವಾಗ ಇನ್ನೊಬ್ಬರು ಹಿಂದಿನಿಂದ ನೋಡಬೇಕು. ಹಬ್ ಮಾತ್ರ ಅಲುಗಿ ಅದನ್ನು ಹೊತ್ತ ಸ್ಟಬ್ ಆಕ್ಸಲ್ ನಿಂತೇ ಇದ್ದರೆ ಬೇರಿಂಗ್. ಸ್ಟಬ್ ಆಕ್ಸಲ್ ಕೂಡ ಹಬ್ಬಿನ ಜೊತೆ ಅಲುಗಿದರೆ ಕಿಂಗ್ ಪಿನ್ ಅಥವಾ ಅದರ ಸುತ್ತ ಬಳೆಯಂತೆ ಕೂತ ಬುಷ್.

ಬೇರಿಂಗ್ ಸಡಿಲವಾಗಿದ್ದು ಕೆಟ್ಟಿರದಿದ್ದರೆ ಅರ್ಧ ತಾಸಿನ ಕೆಲಸ. ಹಬ್ಬಿನ ಟೊಪ್ಪಿಗೆ ತೆಗೆದು, ನಟ್ ತಾನಾಗಿ ಬಿಚ್ಚದಂತೆ ತಡೆಯುವ ಸ್ಪ್ಲಿಟ್ ಪಿನ್ ಕಿತ್ತು, ಚಕ್ರ ತಿರುಗಿಸುತ್ತಲೇ ನಟ್ ಬಿಗಿ ಮಾಡಿ. ಚಕ್ರ ಭಾರವಾಗಿ ತಿರುಗಲು ಶುರುವಾದಾಗ ನಿಲ್ಲಿಸಿ. ಚಕ್ರ ಸಲೀಸಾಗಿ ತಿರುಗಬೇಕು, ಅಲುಗಬಾರದು, ಅಷ್ಟು ಮಾತ್ರ ನಟ್ ಹಿಂದಕ್ಕೆ ತಿರುಗಿಸಿ ಹೊಸ ಸ್ಪ್ಲಿಟ್ ಪಿನ್ ಹಾಕಿ. ತಿರುಗಿಸುವಾಗ ಗರಗರ ಸದ್ದು ಬಂದರೆ ಬೇರಿಂಗನ್ನೇ ಬದಲಾಯಿಸಬೇಕು.

ಜ್ಯಾಕ್ ಎಲ್ಲಿ, ಹೇಗೆ ಹಚ್ಚಬೇಕು?

ಎರೆ ಹೊಲದಲ್ಲಿ ಬೇಡ. ಮೇಲೆ ಗಟ್ಟಿ ಕಂಡರೂ ಭಾರ ಬಿದ್ದಾಗ ಜ್ಯಾಕ್ ವಾಲುತ್ತದೆ. ಹಸಿ ಇದ್ದರಂತೂ ಇಳಿದೇ ಹೋಗುತ್ತದೆ. ಗಾಡಿಯನ್ನು ಅಂಗಳಕ್ಕೋ ಕಣಕ್ಕೋ ತನ್ನಿ.

ನಮ್ಮ ಕಡೆ ಒಂದು ರೂಢಿ ಇದೆ: ಜ್ಯಾಕ್ ಕೆಳಗೆ ಶಹಾಬಾದ್ ಫರ್ಸಿ ತುಂಡು ಇಡುವುದು. ದಯವಿಟ್ಟು ಇಡಬೇಡಿ. ಫರ್ಸಿ ಪದರದ ಕಲ್ಲು. ನೆಲಕ್ಕೆ ಹಾಸಿದಾಗ ಎಷ್ಟು ಭಾರವನ್ನಾದರೂ ತಡೆಯುತ್ತದೆ, ಆದರೆ ಕೆಳಗೆ ಪೊಳ್ಳು ಇದ್ದು ಮೇಲೆ ಒಂದೇ ಜಾಗದಲ್ಲಿ ಒತ್ತಡ ಬಿದ್ದರೆ ಹೇಳದೆ ಕೇಳದೆ ಒಡೆಯುತ್ತದೆ. ದಪ್ಪ ಜಾಲಿ ಹಲಗೆ ಇಡಿ. ಹಿಂದಿನ ಎರಡೂ ಚಕ್ರಕ್ಕೆ ಮುಂದೆ ಹಿಂದೆ ಕಟ್ಟಿಗೆ ಅಡ್ಡ ಕೊಡಿ, ಹ್ಯಾಂಡ್ ಬ್ರೇಕ್ ಹಾಕಿ, ಉಪಕರಣ ನೆಲಕ್ಕೆ ಇಳಿಸಿ. ಎತ್ತಿದ ಕೂಡಲೇ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಅಥವಾ ದಪ್ಪ ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ ಕೊಡಿ. ಆಕ್ಸಲ್ ನಡುವೆ ಪಿನ್ ಮೇಲೆ ತೂಗುವುದರಿಂದ ಎರಡೂ ಕಡೆ ಆಸರೆ ಬೇಕು. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಲೇಬೇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಆಸರೆಯಲ್ಲ.

ಟೈ ರಾಡ್ ಎಂಡ್ ನಾವೇ ಬದಲಾಯಿಸಬಹುದಾ?

ಖಂಡಿತ ಬದಲಾಯಿಸಬಹುದು. ಮನೆಯಲ್ಲಿ ಕಲಿಯಬೇಕಾದ ಮೊದಲ ಸ್ಟೇರಿಂಗ್ ಕೆಲಸ ಇದೇ. ಸರಿಯಾದ ಅಳತೆಯ ರಿಂಗ್ ಪಾನಾ, ಪ್ಲೈಯರ್, ಎರಡು ಸುತ್ತಿಗೆ, ಅಳತೆ ಟೇಪು, ವೈರ್ ಬ್ರಷ್, ಗ್ರೀಸ್ ಗನ್ ಇದ್ದರೆ ಸಾಕು. ಪೈಪ್ ಪಾನಾದಿಂದ ನಟ್ ತೆಗೆಯಲು ಹೋಗಬೇಡಿ, ಮೂಲೆಗಳು ಹಾರಿಹೋಗುತ್ತವೆ.

ಬಿಚ್ಚುವ ಮೊದಲು ಅಳೆಯಿರಿ. ಒಂದು ಬಾಲ್ ಜಾಯಿಂಟಿನ ನಡುವಿನಿಂದ ಇನ್ನೊಂದರ ನಡುವಿನ ತನಕ ಎಷ್ಟು ಉದ್ದ ಎಂದು ಗೋಡೆಯ ಮೇಲಾದರೂ ಬರೆದಿಡಿ. ಲಾಕ್ ನಟ್ ಇದ್ದ ಜಾಗಕ್ಕೆ ಬಣ್ಣದ ಗುರುತು ಹಾಕಿ. ಈ ಎರಡು ನಿಮಿಷದ ಕೆಲಸ ಬಿಟ್ಟವರು ಆಮೇಲೆ ಚಕ್ರ ನೆಟ್ಟಗೆ ಮಾಡಲು ಅರ್ಧ ದಿನ ಒದ್ದಾಡುತ್ತಾರೆ.

ಥ್ರೆಡ್‌ಗಳಿಗೆ ಹಿಂದಿನ ರಾತ್ರಿಯೇ ಡೀಸೆಲ್ ಅಥವಾ ತುಕ್ಕು ಬಿಡಿಸುವ ಎಣ್ಣೆ ಹಚ್ಚಿದರೆ ಬೆಳಿಗ್ಗೆ ಸುಲಭ. ಸ್ಪ್ಲಿಟ್ ಪಿನ್ ನೆಟ್ಟಗೆ ಮಾಡಿ ಕಿತ್ತು ಬಿಸಾಕಿ. ಕ್ಯಾಸಲ್ ನಟ್ (ಸ್ಪ್ಲಿಟ್ ಪಿನ್ ಕೂರಲು ಸೀಳುಗಳಿರುವ ನಟ್) ಸಡಿಲ ಮಾಡಿ, ಪೂರ್ತಿ ತೆಗೆಯಬೇಡಿ, ಮೂರ್ನಾಲ್ಕು ಸುತ್ತು ಉಳಿಸಿ. ಬಾಲ್ ಜಾಯಿಂಟಿನ ಪಿನ್ನು ಚಕ್ರ ತಿರುಗಿಸುವ ಆರ್ಮ್‌ನ ಕಣ್ಣಿನೊಳಗೆ ಇಳಿಜಾರಾಗಿ ಕಚ್ಚಿಕೊಂಡಿರುತ್ತದೆ. ಅದನ್ನು ಬಿಡಿಸಲು ಥ್ರೆಡ್ ಮೇಲೆ ಮೇಲಿನಿಂದ ಹೊಡೆಯುವವರೇ ಜಾಸ್ತಿ. ಹಾಗೆ ಹೊಡೆದರೆ ಥ್ರೆಡ್ ಹಾಳಾಗುತ್ತದೆ, ಪಿನ್ ಬಿಡುವುದೂ ಇಲ್ಲ. ಆರ್ಮ್‌ನ ಕಣ್ಣಿನ ಒಂದು ಬದಿಗೆ ಭಾರದ ಸುತ್ತಿಗೆ ಒತ್ತಿ ಹಿಡಿದು, ಎದುರು ಬದಿಗೆ ಇನ್ನೊಂದು ಸುತ್ತಿಗೆಯಿಂದ ಜೋರಾಗಿ ಹೊಡೆಯಿರಿ. ಆ ಕಂಪನಕ್ಕೆ ಪಿನ್ ತಾನೇ ಬಿಡುತ್ತದೆ. ಉಳಿಸಿದ ನಟ್ ಇರುವುದರಿಂದ ರಾಡ್ ಕಾಲ ಮೇಲೆ ಬೀಳುವುದಿಲ್ಲ. ಎಂಡ್ ಪುಲ್ಲರ್ ಇದ್ದರೆ ಇನ್ನೂ ಒಳ್ಳೆಯದು.

ಲಾಕ್ ನಟ್ ಬಿಟ್ಟು ಎಂಡನ್ನು ರಾಡಿನಿಂದ ತಿರುವಿ ತೆಗೆಯುವಾಗ ಎಷ್ಟು ಸುತ್ತು ಬಂತು ಎಂದು ಎಣಿಸಿ. ಕೆಲವು ಟೈ ರಾಡಿನಲ್ಲಿ ಒಂದು ತುದಿ ಉಲ್ಟಾ ಥ್ರೆಡ್ ಇರುತ್ತದೆ. ಬಿಡದಿದ್ದರೆ ಜೋರು ಮಾಡುವ ಮೊದಲು ಇದನ್ನು ನೋಡಿ. ಹೊಸ ಎಂಡನ್ನು ಅಷ್ಟೇ ಸುತ್ತು ಒಳಗೆ ಹಾಕಿ, ಬರೆದಿಟ್ಟ ಉದ್ದಕ್ಕೆ ತನ್ನಿ. ಥ್ರೆಡ್ ಎಷ್ಟು ದಪ್ಪ ಇದೆಯೋ ಅದರ ಒಂದೂವರೆ ಪಟ್ಟಾದರೂ ಒಳಗೆ ಕಚ್ಚಿರಬೇಕು. ಆರ್ಮ್‌ನ ಕಣ್ಣನ್ನು ಬಟ್ಟೆಯಿಂದ ಒರೆಸಿ ಒಣಗಿಸಿ ಕೂರಿಸಿ. ಅಲ್ಲಿ ಗ್ರೀಸ್ ಹಚ್ಚಬೇಡಿ.

ಕ್ಯಾಸಲ್ ನಟ್ ಬಿಗಿ ಮಾಡಿದ ಮೇಲೆ ಸ್ಪ್ಲಿಟ್ ಪಿನ್ ತೂತು ಎದುರಿಗೆ ಬರದಿದ್ದರೆ ನಟ್ಟನ್ನು ಇನ್ನೂ ಸ್ವಲ್ಪ ಬಿಗಿ ಮಾಡಿಯೇ ಹೊಂದಿಸಿ. ಹಿಂದಕ್ಕೆ ಸಡಿಲ ಮಾಡಿ ಹೊಂದಿಸುವುದು ಇಲ್ಲಿ ಕೂಡದು. ಹಬ್ ಬೇರಿಂಗಿನ ನಟ್ಟಿಗೂ ಇದಕ್ಕೂ ಇರುವ ವ್ಯತ್ಯಾಸ ನೆನಪಿರಲಿ. ಸ್ಪ್ಲಿಟ್ ಪಿನ್ ಹೊಸದೇ ಹಾಕಬೇಕು. ತಂತಿ, ಮೊಳೆ ಹಾಕಿ ಮಡಚಿದ ಗಾಡಿಗಳನ್ನು ಈಗಲೂ ನೋಡುತ್ತಲೇ ಇರುತ್ತೇನೆ, ನೋಡಿದಾಗೆಲ್ಲ ಎದೆ ಧಸಕ್ಕೆನ್ನುತ್ತದೆ. ಕೆಲವೇ ರೂಪಾಯಿಯ ಪಿನ್ ಅದು. ಅದು ಹೋದರೆ ನಟ್ ಹೋಗುತ್ತದೆ, ನಟ್ ಹೋದರೆ ಚಕ್ರ ಮಾತು ಕೇಳುವುದಿಲ್ಲ.

ಕಲ್ಲಿಗೆ ಬಡಿದು ಟೈ ರಾಡ್ ಬಾಗಿದೆ. ಕಾಯಿಸಿ ನೆಟ್ಟಗೆ ಮಾಡಿ ಓಡಿಸಿದರೆ ಆಗುವುದಿಲ್ಲವೇ?

ಆಗುವುದಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಲ್ಲ ಊರಲ್ಲೂ ಇದನ್ನು ಮಾಡಿಕೊಡುವ ಕುಲುಮೆ, ವೆಲ್ಡಿಂಗ್ ಅಂಗಡಿ ಇವೆ.

ಸ್ಟೇರಿಂಗಿನ ಆರ್ಮ್, ಬಾಲ್ ಪಿನ್ ಇವೆಲ್ಲ ಬಡಿದು ರೂಪ ಕೊಟ್ಟು, ಆಮೇಲೆ ಕಾಯಿಸಿ ತಣಿಸಿ ಹದ ಮಾಡಿದ ಉಕ್ಕು. ಆ ಹದದಿಂದಲೇ ಅದಕ್ಕೆ ಬಲ. ಕೆಂಪಗೆ ಕಾಯಿಸಿದ ಕೂಡಲೇ ಆ ಹದ ಹೋಗುತ್ತದೆ. ನೋಡಲು ನೆಟ್ಟಗೆ ಇರುತ್ತದೆ, ಮುಂದಿನ ಏಟಿಗೆ ಸುಲಭವಾಗಿ ಬಾಗುತ್ತದೆ. ವೆಲ್ಡಿಂಗ್ ಮಾಡಿದರೆ ಬೇರೆ ಅಪಾಯ. ವೆಲ್ಡ್ ಗೆರೆ ಗಟ್ಟಿಯೇ ಇರುತ್ತದೆ, ಅದರ ಪಕ್ಕದ ಉಕ್ಕು ಪೆಡಸಾಗುತ್ತದೆ. ಪೆಡಸಾದದ್ದು ಬಾಗಿ ಮುನ್ಸೂಚನೆ ಕೊಡುವುದಿಲ್ಲ, ನೇರ ಮುರಿಯುತ್ತದೆ. ಹೊಲದಲ್ಲಿ ಮುರಿದರೆ ಒಂದು ದಿನದ ಕೆಲಸ ಹೋಯಿತು ಅಷ್ಟೇ. ಕಬ್ಬು ತುಂಬಿದ ಟ್ರಾಲಿ ಹಿಂದೆ ಇದ್ದಾಗ, ಅಥವಾ ಕಾಲುವೆ ದಂಡೆಯ ಮೇಲೆ ಹೋಗುವಾಗ ಮುರಿದರೆ?

ಪೈಪಿನ ಟೈ ರಾಡ್ ಆದರೂ ಅಷ್ಟೇ. ಒಮ್ಮೆ ಮಡಚಿದ ಪೈಪ್ ಅದೇ ಜಾಗದಲ್ಲಿ ಮತ್ತೆ ಮಡಚುತ್ತದೆ. ಬಾಗಿದ ಆರ್ಮ್, ಬಾಗಿದ ರಾಡ್, ಬಾಗಿದ ಡ್ರ್ಯಾಗ್ ಲಿಂಕ್ ಏನೇ ಇರಲಿ, ಹೊಸದು ಹಾಕಿ. ಏಟು ಜೋರಾಗಿದ್ದರೆ ಕಣ್ಣಿಗೆ ನೆಟ್ಟಗೆ ಕಾಣುವ ಪಕ್ಕದ ಭಾಗಗಳನ್ನೂ ಬಿಡಬೇಡಿ. ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ, ಒಣಗುವಂತೆ ಒರೆಸಿ, ಮೇಲೆ ಚಾಕ್ ಪುಡಿ ಉಜ್ಜಿ. ಸಣ್ಣ ಬಿರುಕು ಇದ್ದರೆ ಒಳಗೆ ಕೂತ ಎಣ್ಣೆ ಸ್ವಲ್ಪ ಹೊತ್ತಿನಲ್ಲಿ ಪುಡಿಯ ಮೇಲೆ ಕರಿ ಗೆರೆಯಾಗಿ ಕಾಣುತ್ತದೆ. ಗೆರೆ ಕಾಣದಿದ್ದರೂ ಭಾಗ ಬಾಗಿದ್ದರೆ ಬದಲಾಯಿಸಲೇಬೇಕು.

ನಡು ಹೊಲದಲ್ಲೇ ಟೈ ರಾಡ್ ಮುರಿದರೆ ಗಾಡಿ ಮನೆಗೆ ತರುವುದು ಹೇಗೆ?

ತರಬೇಡಿ. ಪಾರ್ಟನ್ನೇ ಹೊಲಕ್ಕೆ ತನ್ನಿ. ಮುಂದಿನ ಎರಡು ಚಕ್ರ ಒಂದೊಂದು ದಿಕ್ಕಿಗೆ ತಿರುಗಿರುವಾಗ ಎಳೆದರೆ ಕಿಂಗ್ ಪಿನ್, ಆಕ್ಸಲ್ ಕೂಡ ಹೋಗುತ್ತವೆ. ಟೈ ರಾಡ್ ಬಿಚ್ಚಿ ಬೈಕಿಗೆ ಕಟ್ಟಿಕೊಂಡು ಅಂಗಡಿಗೆ ಹೋಗಿ. ಹಳೆಯ ಪಾರ್ಟ್ ಕೈಯಲ್ಲಿದ್ದರೆ ಅಳತೆಯ ಜಗಳವೂ ಇರುವುದಿಲ್ಲ. ಜ್ಯಾಕ್ ಹಚ್ಚುವ ಅಗತ್ಯವಿಲ್ಲದೆ, ಟೈರ್ ನೆಲದ ಮೇಲೇ ಇದ್ದು ಮಾಡಬಹುದಾದ ಕೆಲಸ ಇದು.

ಹೊಸ ಎಂಡ್ ಹಾಕಿದೆ. ಈಗ ಮುಂದಿನ ಟೈರ್ ಒಂದೇ ಕಡೆ ಸವೆಯುತ್ತಿದೆ. ಯಾಕೆ?

ಟೋ-ಇನ್ ತಪ್ಪಿದೆ. ಮುಂದಿನ ಎರಡು ಟೈರುಗಳು ಮುಂಭಾಗದಲ್ಲಿ ಹಿಂಭಾಗಕ್ಕಿಂತ ಸ್ವಲ್ಪವೇ ಹತ್ತಿರ ಇರಬೇಕು. ಬಹಳ ಟ್ರ್ಯಾಕ್ಟರ್‌ಗಳಲ್ಲಿ ಈ ವ್ಯತ್ಯಾಸ ಕೆಲವೇ ಮಿಲಿಮೀಟರ್. ನಿಮ್ಮ ಮಾಡೆಲ್‌ಗೆ ಎಷ್ಟು ಎಂಬುದು ಪುಸ್ತಕದಲ್ಲಿರುತ್ತದೆ.

ಅಳೆಯುವುದು ಸುಲಭ. ಎರಡೂ ಟೈರಿಗೆ ಸಮ ಗಾಳಿ ತುಂಬಿ, ಸಮ ನೆಲದಲ್ಲಿ ಚಕ್ರ ನೆಟ್ಟಗೆ ಮಾಡಿ ನಿಲ್ಲಿಸಿ. ಹಬ್ಬಿನ ಎತ್ತರದಲ್ಲಿ, ಟೈರಿನ ಮುಂಭಾಗದ ನಟ್ಟನಡುವೆ ಎರಡೂ ಟೈರಿಗೆ ಚಾಕಿನ ಗುರುತು ಹಾಕಿ ದೂರ ಅಳೆಯಿರಿ. ಆಮೇಲೆ ಅದೇ ಗುರುತು ಹಿಂದಕ್ಕೆ, ಅದೇ ಎತ್ತರಕ್ಕೆ ಬರುವ ತನಕ ಗಾಡಿಯನ್ನು ಮುಂದಕ್ಕೆ ತಳ್ಳಿ ಮತ್ತೆ ಅಳೆಯಿರಿ. ಗುರುತು ಅದೇ ಇರಬೇಕು, ಬೇರೆ ಜಾಗ ಅಳೆದರೆ ಟೈರಿನ ಓರೆಯೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಹಿಂದಿನ ಅಳತೆಯಲ್ಲಿ ಮುಂದಿನದನ್ನು ಕಳೆದರೆ ಟೋ-ಇನ್. ಟೈ ರಾಡಿನ ಉದ್ದ ಹೊಂದಿಸಿ, ಲಾಕ್ ನಟ್ ಬಿಗಿ ಮಾಡಿ, ಇನ್ನೊಮ್ಮೆ ಅಳೆಯಿರಿ.

ತೊಗರಿ ಸಾಲಿನಲ್ಲಿ ಎಡೆ ಹೊಡೆಯಲು ಮುಂದಿನ ಆಕ್ಸಲ್ ಅಗಲ ಮಾಡುವವರಿಗೆ ಒಂದು ಮಾತು. ಆಕ್ಸಲ್ ಎರಡೂ ಕಡೆ ಸಮ ಎಳೆಯಬೇಕು, ಟೈ ರಾಡನ್ನೂ ಅಷ್ಟೇ ಉದ್ದ ಮಾಡಬೇಕು. ಅಗಲ ಬದಲಾದ ಪ್ರತಿ ಸಲವೂ ಟೋ-ಇನ್ ಅಳೆಯಿರಿ.

ಕಿಂಗ್ ಪಿನ್ ಬುಷ್ ಮನೆಯಲ್ಲಿ ಆಗುತ್ತದೆಯೇ?

ಅರ್ಧ ಆಗುತ್ತದೆ. ಬಿಚ್ಚುವುದು, ತೊಳೆಯುವುದು, ಮರಳಿ ಜೋಡಿಸುವುದು ನೀವು ಮಾಡಿ. ಹಳೆ ಬುಷ್ ತೆಗೆದು ಹೊಸದನ್ನು ಒತ್ತಿ ಕೂರಿಸಿ ಒಳಮೈ ಅಳತೆಗೆ ತರುವುದನ್ನು ಲೇತ್ ಅಂಗಡಿಗೆ ಬಿಡಿ. ಸುತ್ತಿಗೆಯಿಂದ ಬಡಿದು ಕೂರಿಸಿದ ಬುಷ್ ಓರೆಯಾಗಿ ಕೂತು ಬೇಗ ತಿನ್ನುತ್ತದೆ. ಪಿನ್ ಮೇಲೆ ಉಗುರು ಎಳೆದು ನೋಡಿ. ಮೆಟ್ಟಿಲು ತಾಕಿದರೆ ಪಿನ್ನೂ ಸವೆದಿದೆ, ಬರೀ ಬುಷ್ ಹಾಕಿ ಪ್ರಯೋಜನವಿಲ್ಲ. ಒಳಗಿನ ಥ್ರಸ್ಟ್ ಬೇರಿಂಗ್ ಅಥವಾ ವಾಷರ್ ಯಾವ ಮುಖ ಮೇಲೆ ಇತ್ತು ಎಂದು ಬಿಚ್ಚುವಾಗಲೇ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಎಲ್ಲ ಜಾಯಿಂಟ್ ಹೊಸದು ಹಾಕಿದರೂ ಗಾಡಿ ಎಡಕ್ಕೆ ಬಲಕ್ಕೆ ಜಗ್ಗುತ್ತದೆ.

ಸೆಂಟರ್ ಪಿನ್ ನೋಡಿದ್ದೀರಾ? ಮುಂದಿನ ಆಕ್ಸಲ್ ತೂಗುವುದು ಆ ಪಿನ್ ಮೇಲೆ. ಜ್ಯಾಕ್ ಹಚ್ಚಿ ಎತ್ತಿದಾಗ ಆಕ್ಸಲ್ ತುದಿ ಹಿಡಿದು ಹಿಂದೆ ಮುಂದೆ ಎಳೆದು ನೋಡಿ. ಮೇಲೆ ಕೆಳಗೆ ತೂಗುವುದು ಅದರ ಕೆಲಸ. ಹಿಂದೆ ಮುಂದೆ ಅಲುಗಿದರೆ ಪಿನ್ ಅಥವಾ ಬುಷ್ ಸವೆದಿದೆ. ಆಗ ಆಕ್ಸಲ್ಲೇ ಓರೆಯಾಗುವುದರಿಂದ ಸ್ಟೇರಿಂಗ್ ತಿರುಗಿಸದಿದ್ದರೂ ಗಾಡಿ ತಿರುಗುತ್ತದೆ. ಒಡ್ಡು ಜಾಸ್ತಿ ಇರುವ ಹೊಲದವರ ಗಾಡಿಯಲ್ಲಿ ಇದು ಸಾಮಾನ್ಯ. ಗ್ರೀಸ್ ಹೊಡೆಯುವಾಗ ಎಲ್ಲರೂ ಮರೆಯುವ ನಿಪ್ಪಲ್ ಕೂಡ ಇದೇ. ಇದನ್ನು ಬದಲಾಯಿಸಲು ಗಾಡಿಯ ಮುಂಭಾಗವನ್ನು ಪೂರ್ತಿ ಎತ್ತಿ ಹಿಡಿಯಬೇಕು, ಹಾಗಾಗಿ ಗ್ಯಾರೇಜಿಗೆ ಕೊಡುವುದೇ ಸರಿ.

ಸ್ಟೇರಿಂಗ್ ಬಾಕ್ಸಿನ ಸ್ಕ್ರೂ ಬಿಗಿ ಮಾಡಿದರೆ ಸಾಕಲ್ವಾ?

ಬಾಕ್ಸಿನ ಮೇಲಿನ ಅಡ್ಜಸ್ಟ್ ಸ್ಕ್ರೂ ಬಹಳ ಜನರಿಗೆ ಮೊದಲ ಔಷಧ. ನನ್ನ ಪ್ರಕಾರ ಅದು ಕೊನೆಯದಾಗಬೇಕು. ಸಡಿಲ ಟೈ ರಾಡಿನಲ್ಲಿ ಇದ್ದಾಗ ಬಾಕ್ಸ್ ಬಿಗಿ ಮಾಡಿದರೆ, ಸರಿಯಾಗಿದ್ದ ಗೇರ್ ಹಲ್ಲುಗಳು ಒಂದಕ್ಕೊಂದು ಒತ್ತಿ ತಿನ್ನಲು ಶುರುವಾಗುತ್ತವೆ.

ಬಾಕ್ಸಿನ ಗೇರ್ ಜಾಸ್ತಿ ಸವೆಯುವುದು ನಡುವೆ, ಅಂದರೆ ಚಕ್ರ ನೆಟ್ಟಗೆ ಇರುವ ಜಾಗದಲ್ಲಿ. ಹಾಗಾಗಿ ಹೊಂದಿಸುವಾಗ ಚಕ್ರ ನೆಟ್ಟಗೇ ಇರಬೇಕು. ಲಾಕ್ ನಟ್ ಬಿಟ್ಟು ಸ್ಕ್ರೂವನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ ನೋಡಿ. ಆಮೇಲೆ ಮುಂದಿನ ಚಕ್ರ ನೆಲ ಬಿಟ್ಟಿರುವಾಗ ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ. ಎಲ್ಲಿಯಾದರೂ ಹಿಡಿದಂತೆ ಆದರೆ ಬಿಗಿ ಜಾಸ್ತಿ ಆಗಿದೆ, ಕೂಡಲೇ ಹಿಂದಕ್ಕೆ ತಿರುಗಿಸಿ. ತಿರುವಿದ ಮೇಲೆ ಸ್ಟೇರಿಂಗ್ ಮರಳಿ ಬರದಿದ್ದರೆ ಅದೂ ಅಪಾಯವೇ. ಬಾಕ್ಸಿನಲ್ಲಿ ಎಣ್ಣೆ ಇದೆಯೇ ಎಂದು ಮೊದಲೇ ನೋಡಿ. ಬಹಳ ಗಾಡಿಗಳಿಗೆ 90 ನಂಬರ್ ಗೇರ್ ಆಯಿಲ್. ಸೋರುತ್ತದೆ ಎಂದು ಗ್ರೀಸ್ ತುಂಬುವವರಿದ್ದಾರೆ. ಗ್ರೀಸ್ ಒಮ್ಮೆ ಪಕ್ಕಕ್ಕೆ ಸರಿದರೆ ಮರಳಿ ಹಲ್ಲಿಗೆ ಬರುವುದಿಲ್ಲ, ಬಾಕ್ಸ್ ಒಣಗಿ ತಿನ್ನುತ್ತದೆ. ಸೀಲ್ ಬದಲಾಯಿಸಿ.

ಡ್ರಾಪ್ ಆರ್ಮ್ ತೆಗೆಯಬೇಕಾಗಿ ಬಂದರೆ ಆರ್ಮ್ ಮತ್ತು ಶಾಫ್ಟ್ ಎರಡಕ್ಕೂ ಒಂದೇ ಗೆರೆಯಲ್ಲಿ ಗುರುತು ಹಾಕಿ. ಒಂದು ಹಲ್ಲು ತಪ್ಪಿ ಕೂತರೂ ಒಂದು ಕಡೆ ಪೂರ್ತಿ ತಿರುಗುವುದಿಲ್ಲ.

ಪವರ್ ಸ್ಟೇರಿಂಗ್ ಭಾರ ಆಗಿದೆ, ಎಣ್ಣೆಯೂ ಸೋರುತ್ತಿದೆ. ಏನು ಮಾಡಲಿ?

ಮೊದಲು ಒಂದು ಎಚ್ಚರಿಕೆ. ಎಂಜಿನ್ ಚಾಲೂ ಇರುವಾಗ ಸೋರುವ ಜಾಗವನ್ನು ಕೈಯಿಂದ ಮುಟ್ಟಿ ಹುಡುಕಬೇಡಿ. ಕಾರಿನ ಟೈರಿನಲ್ಲಿ ಇರುವ ಒತ್ತಡ ಸುಮಾರು 2 ಬಾರ್. ಪವರ್ ಸ್ಟೇರಿಂಗ್ ಎಣ್ಣೆಯ ಒತ್ತಡ 100 ಬಾರ್ ಆಸುಪಾಸಿಗೆ ಏರುತ್ತದೆ. ಸೂಜಿ ಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಮೊದಲಿಗೆ ಮುಳ್ಳು ಚುಚ್ಚಿದಷ್ಟೇ ನೋವು, ಕೆಲವು ತಾಸಿನಲ್ಲಿ ಬೆರಳು ಉಳಿಸುವುದೇ ಕಷ್ಟ. ಹಾಗಾದರೆ ಅರಿಶಿನ ಹಚ್ಚಿ ಕೂರಬೇಡಿ. ನೇರ ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್ ಥರದ ದೊಡ್ಡ ಆಸ್ಪತ್ರೆಗೆ ಹೋಗಿ, ಒತ್ತಡದ ಎಣ್ಣೆ ಒಳಗೆ ಹೋಗಿದೆ ಎಂದು ಡಾಕ್ಟರಿಗೆ ಸ್ಪಷ್ಟವಾಗಿ ಹೇಳಿ. ಸೋರಿಕೆ ಹುಡುಕಲು ರಟ್ಟಿನ ತುಂಡನ್ನು ದೂರದಿಂದ ಹಿಡಿದು ನೋಡಿ. ಹೋಸ್ ಬಿಚ್ಚುವ ಮೊದಲು ಎಂಜಿನ್ ಬಂದ್ ಮಾಡಿ ಸ್ಟೇರಿಂಗನ್ನು ಎರಡೂ ಕಡೆ ಕೆಲವು ಸಲ ತಿರುಗಿಸಿ, ಉಳಿದ ಒತ್ತಡ ಇಳಿಯುತ್ತದೆ.

ಭಾರ ಆಗಲು ಮೊದಲ ಕಾರಣ ಎಣ್ಣೆ ಕಡಿಮೆ ಆಗಿರುವುದು. ಎರಡನೆಯದು ಫಿಲ್ಟರ್ ಕಟ್ಟಿರುವುದು. ಮೂರನೆಯದು ಬೆಲ್ಟಿನಿಂದ ಪಂಪ್ ತಿರುಗುವ ಗಾಡಿಯಾದರೆ ಬೆಲ್ಟ್ ಸಡಿಲ. ಈ ಮೂರೂ ಮನೆಯ ಕೆಲಸ. ಕೆಲವು ಮಾಡೆಲ್‌ನಲ್ಲಿ ಸ್ಟೇರಿಂಗಿಗೆ ಬೇರೆ ಡಬ್ಬಿ, ಕೆಲವದರಲ್ಲಿ ಹೈಡ್ರಾಲಿಕ್ ಎಣ್ಣೆಯೇ ಅದಕ್ಕೂ ಹೋಗುತ್ತದೆ. ಯಾವುದೆಂದು ನೋಡಿ ಅದೇ ಎಣ್ಣೆ ಹಾಕಿ. ಮನೆಯಲ್ಲಿದೆ ಎಂದು ಸುಮ್ನೆ ಎಂಜಿನ್ ಆಯಿಲ್ ಸುರಿಯಬೇಡಿ.

ಹೋಸ್ ಬದಲಾಯಿಸಿದ ಮೇಲೆ ಒಳಗೆ ಗಾಳಿ ಸೇರುತ್ತದೆ. ಸ್ಟೇರಿಂಗ್ ಸ್ಪಂಜಿನಂತೆ ಒತ್ತಿದರೆ, ಎಣ್ಣೆಯಲ್ಲಿ ನೊರೆ ಕಂಡರೆ ಗಾಳಿಯೇ. ಮುಂದಿನ ಚಕ್ರ ಎತ್ತಿ ಆಸರೆ ಕೊಟ್ಟು, ಎಂಜಿನ್ ನಿಧಾನವಾಗಿ ಓಡಲು ಬಿಟ್ಟು, ಮೆಲ್ಲಗೆ ಈ ಕೊನೆಯಿಂದ ಆ ಕೊನೆಗೆ ಹಲವು ಸಲ ತಿರುಗಿಸಿ, ನಡುನಡುವೆ ಎಣ್ಣೆ ನೋಡಿ ಹಾಕಿ. ಕೊನೆಯಲ್ಲಿ ಒತ್ತಿ ಹಿಡಿಯಬೇಡಿ, ಎಣ್ಣೆ ಕಾಯುತ್ತದೆ. ಪಂಪ್ ಒಳಗಿನ ಕೆಲಸ, ಸ್ಟೇರಿಂಗ್ ಕೆಳಗಿನ ಕಂಟ್ರೋಲ್ ಯೂನಿಟ್ ಎರಡನ್ನೂ ಅಂಗಳದಲ್ಲಿ ಬಿಚ್ಚಬೇಡಿ. ನಮ್ಮ ಗಾಳಿಯಲ್ಲಿ ಇರುವ ಧೂಳಿನ ಒಂದು ಕಣ ಅದಕ್ಕೆ ಸಾಕು.

ಟ್ರಾಲಿ ಹಚ್ಚಿದಾಗ ಮಾತ್ರ ಸ್ಟೇರಿಂಗ್ ತೇಲಿದಂತೆ ಆಗುತ್ತದೆ. ಯಾವ ಪಾರ್ಟ್ ಬದಲಾಯಿಸಲಿ?

ಯಾವುದೂ ಬೇಡ, ಭಾರ ಇಳಿಸಿ. ಗಾಡಿಯ ಖಾಲಿ ತೂಕದ ಕನಿಷ್ಠ 20 ಪಾಲು, ಅಂದರೆ ನೂರಕ್ಕೆ 20, ಯಾವಾಗಲೂ ಮುಂದಿನ ಆಕ್ಸಲ್ ಮೇಲೆ ಇರಬೇಕು. ಎರಡು ಟನ್ ಗಾಡಿಯಾದರೆ 400 ಕೆಜಿ. ಕಬ್ಬು ಟ್ರಾಲಿಯ ಮುಂಭಾಗಕ್ಕೆ ಜಾಸ್ತಿ ತುಂಬಿದಾಗ ಟ್ರಾಲಿ ಹುಕ್ ಮೇಲೆ ಭಾರ ಹೇಗೆ ಬೀಳುತ್ತದೆ ಎಂದು ನೋಡಿ. ಹುಕ್ ಎತ್ತರದಲ್ಲಿದ್ದರೆ ಏರು ಹತ್ತುವಾಗ ಮೂತಿ ಏಳುತ್ತದೆ. ಮುಂದೆ ಕಂಪನಿ ವೇಟ್ ಹಾಕಿ. ಬಂಪರಿಗೆ ಮರಳು ಚೀಲ ಕಟ್ಟುವುದು ಬೇಡ, ಜಾರಿ ಚಕ್ರದ ಕೆಳಗೆ ಬೀಳುತ್ತದೆ.

ರಸ್ತೆಯಲ್ಲಿ ವೇಗಕ್ಕೆ ಬಂದಾಗ ಮುಂದಿನ ಚಕ್ರ ನಡುಗುತ್ತದೆ.

ಟೈರ್ ಗಾಳಿ, ರಿಮ್ ಬಾಗಿದೆಯೇ, ಹಬ್ ಬೇರಿಂಗ್, ಟೋ-ಇನ್, ಟೈ ರಾಡ್ ಎಂಡ್. ಈ ಸಾಲಿನಲ್ಲೇ ನೋಡುತ್ತಾ ಹೋಗಿ. ಸಿಗುವ ತನಕ ರಸ್ತೆಗೆ ಒಯ್ಯಬೇಡಿ.

ಅಗ್ಗದ ಪಾರ್ಟ್ ಹಾಕಬಹುದಾ?

ಬೇರೆ ಕಡೆ ಉಳಿಸಿ, ಇಲ್ಲಿ ಬೇಡ. ಕೊಳ್ಳುವಾಗ ಬಾಲ್ ಪಿನ್ ಕೈಯಲ್ಲಿ ಹಿಡಿದು ತಿರುವಿ ನೋಡಿ. ಹೊಸದು ಬಿಗಿಯಾಗಿ, ಒಂದೇ ಹದದಲ್ಲಿ ತಿರುಗಬೇಕು. ಕಟಕಟ ಆಡಿದರೆ, ರಬ್ಬರ್ ಟೊಪ್ಪಿಗೆ ತೆಳ್ಳಗಿದ್ದರೆ ವಾಪಸ್ ಕೊಡಿ. ಬಿಲ್ಲು ತೆಗೆದುಕೊಳ್ಳಿ.

ಗ್ರೀಸ್ ಎಷ್ಟು ದಿನಕ್ಕೊಮ್ಮೆ?

ಪುಸ್ತಕದಲ್ಲಿ ತಾಸಿನ ಲೆಕ್ಕ ಇರುತ್ತದೆ. ಕೆಸರಿನಲ್ಲಿ ಓಡಿಸುವವರು ಅದನ್ನು ಕಾಯದೆ ಅವತ್ತಿನ ಕೆಲಸ ಮುಗಿದ ಸಂಜೆಯೇ ಹೊಡೆಯಬೇಕು. ಹೊಸ ಗ್ರೀಸ್ ಒಳಗೆ ಹೋದಂತೆ ನೀರು, ರಾಡಿ ಹೊರಗೆ ಬರುತ್ತದೆ. ನಿಪ್ಪಲ್ ಮೊದಲು ಒರೆಸಿ, ಇಲ್ಲದಿದ್ದರೆ ಮೇಲಿನ ಮಣ್ಣನ್ನೇ ಒಳಗೆ ತಳ್ಳಿದಂತೆ. ಗ್ರೀಸ್ ಒಳಗೆ ಹೋಗದಿದ್ದರೆ ನಿಪ್ಪಲ್ ಬದಲಾಯಿಸಿ, ಹೋಗಿದೆ ಎಂದು ಬಿಟ್ಟುಬಿಡಬೇಡಿ. ತೊಗರಿ ರಾಶಿ ಮುಗಿದ ಮೇಲೆ ಎಲ್ಲ ರಬ್ಬರ್ ಟೊಪ್ಪಿಗೆಗಳನ್ನು ಒಮ್ಮೆ ಮುಟ್ಟಿ ನೋಡಿ.

ಫೋರ್-ವೀಲ್ ಡ್ರೈವ್ ಟ್ರ್ಯಾಕ್ಟರ್‌ಗೂ, ಪಿಕಪ್‌ಗೂ ಇದೇ ನಡೆಯುತ್ತದೆಯೇ?

ಫೋರ್-ವೀಲ್ ಡ್ರೈವ್‌ನಲ್ಲಿ ಟೈ ರಾಡ್ ಎಂಡ್, ಟೋ-ಇನ್ ಮನೆಯಲ್ಲಿ ಮಾಡಬಹುದು. ಅದರ ಮುಂದಿನ ಆಕ್ಸಲ್ ಒಳಗೆ ಗೇರ್ ಇರುವುದರಿಂದ ಕಿಂಗ್ ಪಿನ್ ತನಕ ಹೋಗಬೇಡಿ. ಪಿಕಪ್ ಬೇರೆಯೇ ಮಾತು. ಅದು ಹೆದ್ದಾರಿಯಲ್ಲಿ 80ರ ವೇಗಕ್ಕೆ ಹೋಗುತ್ತದೆ. ಸಡಿಲ ಎಲ್ಲಿದೆ ಎಂದು ಮನೆಯಲ್ಲಿ ನೋಡಿ, ಕೆಲಸ ಗ್ಯಾರೇಜಿಗೆ ಕೊಡಿ, ಕಂಪ್ಯೂಟರ್ ಅಲೈನ್‌ಮೆಂಟ್ ಮಾಡಿಸಿ.

ರಿಪೇರಿ ಆಯಿತು. ನೇರ ಹೊಲಕ್ಕೆ ಹೋಗಬಹುದಾ?

ಮೊದಲು ಗಾಡಿ ನಿಂತಲ್ಲೇ ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ. ರಾಡ್, ಹೋಸ್ ಯಾವುದಕ್ಕೂ ಉಜ್ಜಬಾರದು. ಎಲ್ಲ ಸ್ಪ್ಲಿಟ್ ಪಿನ್ ಮಡಚಿದೆಯೇ, ಲಾಕ್ ನಟ್ ಬಿಗಿ ಇದೆಯೇ ಎಂದು ಬಿಚ್ಚದ ಇನ್ನೊಬ್ಬರ ಕೈಲಿ ನೋಡಿಸಿ, ಹೊಸ ಕಣ್ಣಿಗೆ ಬಿಟ್ಟದ್ದು ಬೇಗ ಕಾಣುತ್ತದೆ. ಆಮೇಲೆ ಟ್ರಾಲಿ, ಉಪಕರಣ ಏನೂ ಇಲ್ಲದೆ ಖಾಲಿ ಕಣದಲ್ಲಿ ಮೊದಲ ಗೇರಿನಲ್ಲಿ ಎಂಟರ ಆಕಾರದಲ್ಲಿ ಸುತ್ತು ಹೊಡೆಯಿರಿ. ಹಿಂದಿನ ಎರಡು ಬ್ರೇಕ್ ಪೆಡಲ್‌ಗಳನ್ನು ಕೂಡಿಸಿಯೇ ಇಡಿ. ಮಕ್ಕಳನ್ನು ಮಡ್‌ಗಾರ್ಡ್ ಮೇಲೆ ಕೂರಿಸಬೇಡಿ, ಅವತ್ತು ಮಾತ್ರ ಅಲ್ಲ, ಯಾವತ್ತೂ. ಮೊದಲ ದಿನದ ಕೆಲಸ ಮುಗಿದ ಮೇಲೆ ಎಲ್ಲ ನಟ್ಟಿಗೂ ಮತ್ತೊಮ್ಮೆ ಪಾನಾ ಹಚ್ಚಿ, ಟೋ-ಇನ್ ಇನ್ನೊಮ್ಮೆ ಅಳೆಯಿರಿ. ಹೊಸ ಎಂಡ್ ಕೂತುಕೊಳ್ಳುವಾಗ ಒಂದು ಚೂರು ಸಡಿಲ ಬಿಡುವುದುಂಟು.